ಮಾತಿಗೊಂದು ಕೊಂಡಿ: ಓದುಗರ ಪ್ರಶ್ನೆ, ಉತ್ತರ

ಕಳೆದ ಸಂಚಿಕೆಯಲ್ಲಿ, ಜನ ವಾದ ಮಾಡುವ ಬಗೆಯನ್ನೇ ಸಂಶೋಧನೆ ಮಾಡಿದ ಕೆಲವರ ಹೆಸರು ಹೇಳಿದ್ದೆ. ಈ ಸಲದ ಪತ್ರಗಳೆಲ್ಲ ಅದರ ಸುತ್ತಲೇ ಬಂದಿವೆ. ನಾನು ಗದಗಿನಲ್ಲಿ 11 ವರ್ಷ, ಧಾರವಾಡದಲ್ಲಿ 20 ವರ್ಷ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಕಲಿಸಿದವಳು. ಇದು ನನಗೆ ತೀರಾ ಹತ್ತಿರದ ವಿಷಯ. ಮೊದಲ ಪತ್ರಕ್ಕೆ ಉತ್ತರ ಉದ್ದ ಇದೆ, ಸಮಾಧಾನದಿಂದ ಓದಿ.

*

ಪ್ರಶ್ನೆ: ಮೇಡಂ, ರಾಜಕೀಯ ಭಾಷಣಗಳಲ್ಲಿ ವಾದ ಹೇಗೆ ಕಟ್ಟುತ್ತಾರೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲ ಅಧ್ಯಾಯದಲ್ಲಿ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ ಅವರ ಸಂಶೋಧನೆಯ ಪ್ರಭಾವದ ಬಗ್ಗೆ ಬರೆಯಬೇಕು. ಗೂಗಲ್ ಸ್ಕಾಲರ್ ನೋಡಿ, ಎಷ್ಟು ಜನ ಅವರನ್ನು ಉಲ್ಲೇಖಿಸಿದ್ದಾರೆ ಅಂತ ಅಂಕಿ ಬರೆದು ಕೊಟ್ಟೆ. ಗೈಡ್ ನೋಡಿ, "ಇದು ಬರೀ ಲೆಕ್ಕ, ಪ್ರಭಾವ ಅಲ್ಲ" ಅಂದರು. ಮನೆಯಲ್ಲಿ ಕಾಕಾ ಬೇರೆ, "ಭಾಷಣದ ಮ್ಯಾಲೆ ಪಿಎಚ್.ಡಿ. ಮಾಡಿದ್ರ ಯಾರಿಗೇನು ಉಪಯೋಗ?" ಅಂತ ಕೇಳುತ್ತಾರೆ. ಪ್ರಭಾವ ಅಂದರೆ ನಾನು ಏನನ್ನು ಬರೆಯಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಂಗೀ, ನಿಮ್ಮ ಗೈಡ್ ಹೇಳಿದ್ದು ಸರಿ. ಅಂಕಿ ಬೇಡ ಅಂತಲ್ಲ. ಅದು ಮೊದಲ ಪ್ಯಾರಾಕ್ಕೆ ಸಾಕು.

ಲೆಕ್ಕದ ಮಾತು ಮೊದಲೇ ಮುಗಿಸಿಬಿಡೋಣ. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತಶಾಸ್ತ್ರಜ್ಞರು ಎಚ್-ಇಂಡೆಕ್ಸ್ ಎಂಬ ಅಳತೆ ತಂದರು. ನಿಮ್ಮ ಹತ್ತು ಲೇಖನಗಳನ್ನು ತಲಾ ಹತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ್ದರೆ ನಿಮ್ಮದು ಹತ್ತು. ವರ್ಷಕ್ಕೆ ನಾಲ್ಕಾರು ಲೇಖನ ಬರೆಯುವ ವಿಜ್ಞಾನಿಗಳಿಗೆ ಇದು ನಡೆಯುತ್ತದೆ. ನಮ್ಮಲ್ಲಿ ಒಂದು ಪುಸ್ತಕಕ್ಕೇ ಹತ್ತು ವರ್ಷ ಹಿಡಿಯುತ್ತದೆ. ಜೀವಮಾನದಲ್ಲಿ ಒಂದೇ ಪುಸ್ತಕ ಬರೆದವರನ್ನು ಲಕ್ಷ ಜನ ಉಲ್ಲೇಖಿಸಿದರೂ ಅವರ ಎಚ್-ಇಂಡೆಕ್ಸ್ ಒಂದೇ! ಇನ್ನೊಂದು ಮಾತು. ಬೈಯುವುದಕ್ಕೆ ಉಲ್ಲೇಖಿಸಿದರೂ ಎಣಿಕೆಯಲ್ಲಿ ಒಂದು ಕೂಡುತ್ತದೆ. ಹೀಗಾಗಿ ಯಾರು, ಯಾವುದಕ್ಕೆ ತೆಗೆದುಕೊಂಡರು ಅಂತ ಅಂಕಿ ಹೇಳುವುದಿಲ್ಲ. ನೀವು ಬರೆಯಬೇಕಾದದ್ದು ಅದನ್ನೇ.

ಈಗ ಟೂಲ್ಮಿನ್. 1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಮೊದಲು ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ತತ್ವಶಾಸ್ತ್ರಜ್ಞ ವಿಟ್‌ಗೆನ್‌ಸ್ಟೈನ್ ಅವರ ಪಾಠ ಕೇಳಿದರು. 1958ರಲ್ಲಿ ವಾದದ ಬಳಕೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಅವರು ಎತ್ತಿದ ತಕರಾರು ಬಹಳ ಸರಳ. ಕಾಲೇಜಿನಲ್ಲಿ ಕಲಿಸುವ ತರ್ಕ ಗಣಿತದ ಹಾಗಿದೆ. "ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರೆಟೀಸ್ ಮನುಷ್ಯ" ಅಂತ ಶುರುವಾಗಿ ಮೂರನೇ ಸಾಲಿಗೆ ಮುಗಿಯುತ್ತದೆ. ಆದರೆ ಕೋರ್ಟಿನಲ್ಲಿ, ದವಾಖಾನೆಯಲ್ಲಿ, ಸಂತೆಯಲ್ಲಿ ಜನ ಹೀಗೆ ವಾದ ಮಾಡುವುದಿಲ್ಲ. ತರ್ಕಕ್ಕೆ ಗಣಿತದ ಬದಲು ಕೋರ್ಟಿನ ಕಟ್ಟಳೆಯನ್ನು ಮಾದರಿಯಾಗಿ ಇಟ್ಟುಕೊಂಡು ನೋಡೋಣ ಅಂದರು ಟೂಲ್ಮಿನ್.

ವಾದದಲ್ಲಿ ಅವರು ಗುರುತಿಸಿ, ಚಿತ್ರ ಬರೆದು ತೋರಿಸಿದ ಆರು ಭಾಗಗಳಿಗೆ ನಾನು ಕ್ಲಾಸಿನಲ್ಲಿ ಕನ್ನಡದ ಸಾದಾ ಹೆಸರು ಇಟ್ಟಿದ್ದೆ. ಹೇಳಿಕೆ, ಆಧಾರ, ಕೊಂಡಿ, ಕೊಂಡಿಗೆ ಬೆಂಬಲ, ಅಳತೆ ಮಾತು, ಹೊರತು. ಅವರದೇ ಉದಾಹರಣೆ ನೋಡಿ. ಹ್ಯಾರಿ ಬ್ರಿಟಿಷ್ ಪ್ರಜೆ. ಇದು ಹೇಳಿಕೆ. ಯಾಕೆ? ಅವನು ಬರ್ಮುಡಾದಲ್ಲಿ ಹುಟ್ಟಿದವನು. ಇದು ಆಧಾರ. ಅಲ್ಲಿ ಹುಟ್ಟಿದರೆ ಬ್ರಿಟಿಷ್ ಪ್ರಜೆ ಹೇಗಾಗುತ್ತಾನೆ? ಅಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹಾಗೇ ಆಗುತ್ತಾರೆ. ಇದು ಕೊಂಡಿ. ಅದಕ್ಕೆ ಕಾನೂನಿನ ಬೆಂಬಲ ಇದೆ. "ಸಾಮಾನ್ಯವಾಗಿ" ಅನ್ನುವುದು ಅಳತೆ ಮಾತು. ಅಪ್ಪ ಅಮ್ಮ ಇಬ್ಬರೂ ಪರದೇಶದವರಾಗಿದ್ದರೆ ಹೊರತು.

ಗದಗಿನ ನನ್ನ ಕ್ಲಾಸಿನಲ್ಲಿ ಒಂದು ದಿನ ನಡೆದದ್ದು ಹೇಳುತ್ತೇನೆ. ಬೆಟಗೇರಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತು ಹೇಳಿದ: "ಈ ಸಲ ಉಳ್ಳಾಗಡ್ಡಿ ರೇಟ್ ಬಿದ್ದೈತ್ರಿ. ರೈತರು ಇನ್ನ ಉಳ್ಳಾಗಡ್ಡಿ ಹಚ್ಚಬಾರದು." ನಾನು ಹಲಗೆಯ ಎಡಗಡೆ ಆಧಾರ ಬರೆದೆ, ಬಲಗಡೆ ಹೇಳಿಕೆ ಬರೆದೆ. ನಡುವೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಖಾಲಿ ಬಿಟ್ಟೆ. ಕ್ಲಾಸು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, "ಈ ವರ್ಷ ರೇಟ್ ಬಿದ್ರ ಬರೋ ವರ್ಷಾನೂ ಬೀಳತೈತಿ ಅಂತ ಯಾರು ಹೇಳಿದ್ರು?" ಅಂದಳು. ಇನ್ನೊಬ್ಬ, "ಎಲ್ಲಾರೂ ಬಿಟ್ರ ಬರೋ ವರ್ಷ ರೇಟ್ ಏರತೈತಿ" ಅಂದ. ಖಾಲಿ ಜಾಗದಲ್ಲಿ ಏನಿದೆ ಅಂತ ಆ ಮಕ್ಕಳೇ ಹುಡುಕಿ ತೆಗೆದರು. ಅಲ್ಲಿಯವರೆಗೆ ಆ ಕೊಂಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಹೇಳಿದ ಹುಡುಗನ ಕಣ್ಣಿಗೂ. ವಾದದಲ್ಲಿ ಜಗಳ ಹತ್ತುವುದು ಹೆಚ್ಚಾಗಿ ಯಾರೂ ಬಾಯಿಬಿಟ್ಟು ಹೇಳದ ಆ ಗೆರೆಯ ಹತ್ತಿರವೇ.

ಇನ್ನು ಆ ಪುಸ್ತಕದ ಕಥೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞರು ಅದನ್ನು ತಳ್ಳಿಹಾಕಿದರು. ಅವರ ನಡುವೆ ಅದಕ್ಕೆ ಬಹಳ ವರ್ಷ ಬೆಲೆ ಸಿಗಲಿಲ್ಲ. ಆದರೆ 1960ರಲ್ಲಿ ಅಮೆರಿಕದಲ್ಲಿ ಭಾಷಣಕಲೆ ಕಲಿಸುತ್ತಿದ್ದ ವೇಯ್ನ್ ಬ್ರಾಕ್‌ರೀಡ್ ಮತ್ತು ಡಗ್ಲಸ್ ಎನಿಂಗರ್ ಆ ಪುಸ್ತಕದ ಮೇಲೆ ಒಂದು ಲೇಖನ ಬರೆದರು. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟರುಗಳಿಗೆ ಇಂಥದ್ದೇ ಬೇಕಿತ್ತು. ಅಲ್ಲಿಂದ ಅದು ಪಠ್ಯಪುಸ್ತಕಕ್ಕೆ ಹೋಯಿತು, ಪ್ರಬಂಧ ಬರೆಸುವ ಕ್ಲಾಸಿಗೆ ಹೋಯಿತು. ಕಾನೂನಿನ ವಾದಗಳನ್ನು ಕಂಪ್ಯೂಟರಿಗೆ ಕಲಿಸಲು ಹೊರಟವರೂ ಎತ್ತಿಕೊಂಡರು. ವಾದದ ಶಾಸ್ತ್ರ ಬರೆಯುತ್ತೇನೆ ಅಂತ ಟೂಲ್ಮಿನ್ ಹೊರಟೇ ಇರಲಿಲ್ಲ. ಅವರ ತಕರಾರು ಇದ್ದದ್ದು ತತ್ವಶಾಸ್ತ್ರದವರ ಜೊತೆ. ಬೀಜ ಒಂದು ಹೊಲಕ್ಕೆ ಚೆಲ್ಲಿದರು, ಬೆಳೆ ಪಕ್ಕದ ಹೊಲದಲ್ಲಿ ಬಂತು. ಆಮೇಲೆ 1979ರಲ್ಲಿ ಇನ್ನಿಬ್ಬರ ಜೊತೆ ಸೇರಿ ಅವರೇ ಒಂದು ಪಠ್ಯಪುಸ್ತಕ ಬರೆದರು.

ನಿಮ್ಮ ವಿಷಯ ರಾಜಕೀಯ ವಾದ ಆದ್ದರಿಂದ ಇನ್ನೊಂದು ಘಟನೆಯನ್ನು ಬಿಡಬೇಡಿ. 1970ರ ದಶಕದಲ್ಲಿ ಅಮೆರಿಕ ಸರ್ಕಾರ ಒಂದು ಆಯೋಗ ಮಾಡಿತ್ತು. ವೈದ್ಯಕೀಯ ಪ್ರಯೋಗಕ್ಕೆ ಮನುಷ್ಯರನ್ನು ಬಳಸುವಾಗ ಏನು ನಿಯಮ ಇರಬೇಕು ಅಂತ ಅದು ಹೇಳಬೇಕಿತ್ತು. ಟೂಲ್ಮಿನ್ ಆ ಆಯೋಗದ ಜೊತೆ ಕೆಲಸ ಮಾಡಿದರು. ಸದಸ್ಯರಲ್ಲಿ ಬೇರೆ ಬೇರೆ ನಂಬಿಕೆಯವರಿದ್ದರು. ಒಂದೊಂದು ಪ್ರಕರಣ ಎದುರಿಗೆ ಇಟ್ಟಾಗ, ಇದು ಸರಿ, ಇದು ತಪ್ಪು ಅಂತ ಹೆಚ್ಚಿನಂಶ ಒಪ್ಪುತ್ತಿದ್ದರು. ಯಾಕೆ ಸರಿ ಅಂತ ಕೇಳಿದಾಗ ಒಬ್ಬೊಬ್ಬರ ಕಾರಣ ಒಂದೊಂದು. ಹೇಳಿಕೆ ಒಂದೇ, ಕೊಂಡಿ ಬೇರೆ. ಇದನ್ನು ಕಣ್ಣಾರೆ ನೋಡಿದ ಮೇಲೆ, ತತ್ವದಿಂದ ಇಳಿಯುವ ಬದಲು ಪ್ರಕರಣದಿಂದ ಹತ್ತುವ ಹಳೆಯ ಪದ್ಧತಿಯ ಬಗ್ಗೆ ಅವರು ಮತ್ತು ಆಲ್ಬರ್ಟ್ ಜಾನ್ಸನ್ ಸೇರಿ 1988ರಲ್ಲಿ ಪುಸ್ತಕ ಬರೆದರು. ಆಸ್ಪತ್ರೆಗಳ ನೀತಿ ಚರ್ಚೆಯಲ್ಲಿ ಅದರ ಗುರುತು ಇಂದಿಗೂ ಕಾಣುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಏಕೀಕರಣ ನೆನಪಾಯಿತು. ನಿಮ್ಮ ಕಾಕಾಗೆ ಉತ್ತರವೂ ಇಲ್ಲೇ ಇದೆ. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಅವರ ಆಧಾರ ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದವರು. ಅವರ ಕೊಂಡಿ ಏನು? ಒಟ್ಟಿಗೆ ಅಷ್ಟು ದೊಡ್ಡದಾಗಿ ಬಾಳಿದ ಜನ ಈಗ ಹರಿದು ಹಂಚಿಹೋಗಬಾರದು, ಒಂದಾಗಬೇಕು ಅನ್ನುವುದು. ಅದನ್ನು ಓದಿದವರಲ್ಲಿ ಕಿಚ್ಚು ಹತ್ತಿತು. ಸುಮಾರು 40 ವರ್ಷ ಆದ ಮೇಲೆ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಅದು ತೂಗಿದ್ದು ಭಾಷೆ, ಆಡಳಿತದ ಅನುಕೂಲ, ಹಣಕಾಸು, ದೇಶದ ಒಗ್ಗಟ್ಟು ಇವನ್ನು. ಗತವೈಭವದ ಕೊಂಡಿ ಅಲ್ಲಿ ಮುಂದೆ ಬರಲಿಲ್ಲ. ಆದರೂ ಎರಡೂ ದಾರಿ ಬಂದು ಮುಟ್ಟಿದ್ದು ಕನ್ನಡಿಗರ ಒಂದು ರಾಜ್ಯ ಎಂಬಲ್ಲಿಗೇ. 1956ರ ನವೆಂಬರ್ 1ರಂದು ಅದು ಆಯಿತು.

ಹಾಗಾದರೆ ಆಲೂರರ ಪ್ರಭಾವ ಏನು? ವರದಿಯ ಅಡಿಟಿಪ್ಪಣಿಗಳಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆಯೋಗದ ಮುಂದೆ ಅರ್ಜಿ ಹಿಡಿದು ನಿಲ್ಲುವಷ್ಟು ಜನ ತಯಾರಾಗಿದ್ದರಲ್ಲ, ಅಲ್ಲಿ ಹುಡುಕಬೇಕು. ಟೂಲ್ಮಿನ್ ಬಗ್ಗೆಯೂ ನೀವು ಹೀಗೇ ಹುಡುಕಿ. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಹೋಗುವಾಗ ಏನು ಬಿಟ್ಟುಹೋಯಿತು? ನನಗೆ ಕಂಡ ಹಾಗೆ, ಕ್ಲಾಸಿಗೆ ಇಳಿದ ಮೇಲೆ ಅವರ ಚಿತ್ರದ ಆರು ಚೌಕಗಳು ಉಳಿದವು. ಯಾವ ಕ್ಷೇತ್ರದ ವಾದವನ್ನು ಆ ಕ್ಷೇತ್ರದ ಅಳತೆಯಿಂದಲೇ ನೋಡಬೇಕು ಎಂಬ ಅವರ ಮುಖ್ಯ ಮಾತು ಅರ್ಧ ಉದುರಿಹೋಯಿತು. ಇದನ್ನೂ ಬರೆಯಿರಿ. ಪ್ರಭಾವದ ಅಧ್ಯಾಯ ಅಂದರೆ ಹೊಗಳಿಕೆ ಆಗಬೇಕಿಲ್ಲ.

*

ಪ್ರಶ್ನೆ: ನಮ್ಮ ಅಜ್ಜ 1980ರ ರೈತ ಬಂಡಾಯ ಕಂಡವರು. "ಕಾಲುವಿ ಬಂತು, ನೀರು ಬರಲಿಲ್ಲ, ಪಟ್ಟಿ ಬಂತು" ಅಂತ ಈಗಲೂ ಹೇಳುತ್ತಾರೆ. ನೀವು ಹೇಳುವ ವಿದೇಶಿ ಪಂಡಿತರ ಚಿತ್ರದಿಂದ ಇಂಥ ಜಗಳ ತಿಳಿಯುತ್ತದೆಯೇ?
– ಯುವ ರೈತ, ನರಗುಂದ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮ ಅಜ್ಜನ ಆ ಮಾತಿನಲ್ಲೇ ಚಿತ್ರ ಪೂರ್ತಿ ಇದೆ. ಬಿಡಿಸಿ ನೋಡೋಣ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು, ನವಲಗುಂದ, ನರಗುಂದ ಕಡೆ ಕಾಲುವೆ ಬಂದವು. ಸರ್ಕಾರ ರೈತರ ಮೇಲೆ ಬೆಟರ್‌ಮೆಂಟ್ ಲೆವಿ, ಅಂದರೆ ಜಮೀನಿನ ಬೆಲೆ ಏರಿದ್ದಕ್ಕೆ ಕರ, ಹಾಕಿತು, ನೀರಿನ ಕರ ಬೇರೆ. ಅಜ್ಜ "ಪಟ್ಟಿ" ಅನ್ನುವುದು ಇದಕ್ಕೇ. ಸರ್ಕಾರದ ಹೇಳಿಕೆ: ನೀವು ಲೆವಿ ಕಟ್ಟಬೇಕು. ಆಧಾರ: ನಿಮ್ಮ ಜಮೀನು ಅಚ್ಚುಕಟ್ಟಿನಲ್ಲಿ ಬಂದಿದೆ. ಕೊಂಡಿ: ನೀರಾವರಿ ಆದ ಜಮೀನಿನ ಬೆಲೆ ಏರುತ್ತದೆ, ಸರ್ಕಾರದ ಖರ್ಚಿನಿಂದ ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲಿದೆ. ಕೊಂಡಿಗೆ ಕಾಯ್ದೆಯ ಬೆಂಬಲವೂ ಇತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿ ಕೂಡುತ್ತದೆ, ಅಲ್ವಾ?

ಈಗ ಅಜ್ಜನ ಮಾತಿನ ನಡುವಿನ ತುಂಡು ನೋಡಿ. "ನೀರು ಬರಲಿಲ್ಲ." ಇದೇ ಹೊರತು. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟದಿದ್ದರೆ ಹೊರತು. ಎರಿ ಹೊಲದಲ್ಲಿ ನೀರು ನಿಂತು ಮಣ್ಣು ಕೆಟ್ಟರೆ ಹೊರತು. ನೀರಾವರಿ ಆದ ಜಮೀನಿನ ಬೆಲೆ ಏರುತ್ತದೆ ಎಂಬುದನ್ನು ರೈತರೂ ಅಲ್ಲ ಅನ್ನುತ್ತಿರಲಿಲ್ಲ. ಕಾಲುವೆ ಬಂದದ್ದೂ ನಿಜವೇ. ಅವರು ಹೇಳಿದ್ದು, ನಮ್ಮ ಹೊಲ ಆ ಹೊರತಿನಲ್ಲಿದೆ ಅಂತ. ಆಡಳಿತದ ನಮೂನೆಯಲ್ಲಿ ಅದನ್ನು ಬರೆಯುವ ಕಾಲಂ ಇರಲಿಲ್ಲ. 1980ರ ಜುಲೈ 21ರಂದು ಗೋಲಿಬಾರ್ ಆಗಿ ಜೀವಗಳು ಹೋದವು. ರಾಜ್ಯ ರೈತ ಸಂಘ ಹುಟ್ಟಿದ್ದೂ ಆ ವರ್ಷವೇ. ಒಂದು ಹೊರತನ್ನು ಕೇಳಿಸಿಕೊಳ್ಳದೆ ಹೋದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಅಂತ ಯೋಚನೆ ಮಾಡಿದಾಗ ನನಗೆ ಈಗಲೂ ಸಂಕಟ ಆಗುತ್ತದೆ. ಆಗ ನಾನು ಕಾಲೇಜು ಓದುತ್ತಿದ್ದೆ. ನಮ್ಮ ಪಠ್ಯದಲ್ಲಿ ಸಾಕ್ರೆಟೀಸ್ ಸಾಯುತ್ತಲೇ ಇದ್ದ. ನರಗುಂದದ ಬಗ್ಗೆ ಕ್ಲಾಸಿನಲ್ಲಿ ಒಂದು ಮಾತೂ ಬರಲಿಲ್ಲ.

ಇನ್ನೊಂದು ಕೆಲಸ ಮಾಡಿ. ಗೋವಾ ಜೊತೆಗಿನ ಮಹದಾಯಿ ನೀರಿನ ವಿವಾದಕ್ಕೂ ಇದೇ ಚಿತ್ರ ಬರೆಯಿರಿ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18. ನಮ್ಮ ಕಡೆಯ ವಾದ ನಿಮಗೆ ಬಾಯಿಪಾಠ ಇರುತ್ತದೆ. ಅದನ್ನು ಬರೆಯುವುದು ಬೇಡ. ಗೋವಾದವರ ವಾದ ಬರೆಯಿರಿ. ನದಿ, ಕಾಡು, ವನ್ಯಜೀವಿಧಾಮಗಳ ಬಗ್ಗೆ ಅವರು ಹೇಳುವುದನ್ನು ಗೋವಾದವರೇ ಓದಿ "ಹೌದು, ನಮ್ಮ ಮಾತು ಇದೇ" ಅನ್ನುವ ಹಾಗೆ ಬರೆಯಿರಿ. ಅದಾದ ಮೇಲೆ ಉತ್ತರ ಕೊಡಿ. ಅಜ್ಜನಿಗೆ ತೋರಿಸಿ. ಅವರು ಏನಂದರು ಅಂತ ನನಗೆ ತಿಳಿಸಿ.

*

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ "ಪೆರೆಲ್ಮನ್ ಬರೆದ ಹೊಸ ವಾಗ್ಮಿತೆಯ ಗ್ರಂಥ" ಎಂದಿರಿ. ಆ ಪುಸ್ತಕಕ್ಕೆ ಇಬ್ಬರು ಲೇಖಕರು. ಇನ್ನೊಬ್ಬರು ಒಬ್ಬ ಹೆಣ್ಣುಮಗಳು. ನೀವೇ ಅವರ ಹೆಸರು ಬಿಟ್ಟರೆ ಹೇಗೆ?
– ನಿವೃತ್ತ ಗ್ರಂಥಪಾಲಕಿ, ಹುಬ್ಬಳ್ಳಿ

ಉತ್ತರ: ತಪ್ಪು ನನ್ನದೇ ಅಕ್ಕಾರೇ. ತಿದ್ದಿದ್ದಕ್ಕೆ ಮನಸ್ಸಿನಿಂದ ಧನ್ಯವಾದ. ಅವರ ಹೆಸರು ಲೂಸಿ ಓಲ್‌ಬ್ರೆಕ್ಟ್ಸ್-ಟಿಟೆಕಾ. ಹುಟ್ಟಿದ್ದು 1899ರಲ್ಲಿ, ತೀರಿಹೋದದ್ದು 1987ರಲ್ಲಿ.

ನಡೆದದ್ದು ಹೀಗೆ. ಕೈಮ್ ಪೆರೆಲ್ಮನ್ ಬ್ರಸೆಲ್ಸ್‌ನಲ್ಲಿ ತರ್ಕಶಾಸ್ತ್ರದ ಪ್ರೊಫೆಸರ್. ಹುಟ್ಟಿದ್ದು ವಾರ್ಸಾದಲ್ಲಿ, ಯಹೂದಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಲ್ಜಿಯಂನ ಯಹೂದಿಗಳನ್ನು ಕಾಪಾಡುವ ಗುಪ್ತ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. 1945ರಲ್ಲಿ ನ್ಯಾಯದ ಬಗ್ಗೆ ಬರೆದರು. ಬರೆಯುತ್ತ ಹೋದ ಹಾಗೆ ಅವರಿಗೆ ಒಂದು ಗೋಡೆ ಎದುರಾಯಿತು. ಯಾವುದು ನ್ಯಾಯ, ಯಾವುದಕ್ಕೆ ಬೆಲೆ ಜಾಸ್ತಿ ಅನ್ನುವುದನ್ನು ಶುದ್ಧ ತರ್ಕದಿಂದ ತೀರ್ಮಾನಿಸಲು ಬರುವುದಿಲ್ಲ. ಹಾಗಂತ ಅದನ್ನು ಹುಚ್ಚಾಟಕ್ಕೆ ಬಿಡಲೂ ಆಗುವುದಿಲ್ಲ. ಅಂಥ ಕಾಲವನ್ನು ಆಗತಾನೇ ಕಣ್ಣಾರೆ ಕಂಡಿದ್ದರು. ಹಾಗಾದರೆ ಜನ ಮೌಲ್ಯಗಳ ಬಗ್ಗೆ ವಿವೇಕದಿಂದ ಮಾತಾಡುವುದು ಹೇಗೆ?

ಉತ್ತರ ಹುಡುಕಲು ಲೂಸಿ ಜೊತೆಯಾದರು. ಅವರಿಗೆ ಯೂನಿವರ್ಸಿಟಿಯ ಹುದ್ದೆ ಇರಲಿಲ್ಲ. ಇಬ್ಬರೂ ಸುಮಾರು ಹತ್ತು ವರ್ಷ ಕೂತು, ವಾದ ನಿಜವಾಗಿ ಹೇಗಿರುತ್ತದೆ ಅಂತ ಉದಾಹರಣೆ ಕೂಡಿಸಿದರು. ಭಾಷಣ, ತೀರ್ಪು, ಪತ್ರಿಕೆ, ಕಾದಂಬರಿ, ಧರ್ಮೋಪದೇಶ ಎಲ್ಲದರಿಂದ. 1958ರಲ್ಲಿ ಫ್ರೆಂಚ್‌ನಲ್ಲಿ ಪುಸ್ತಕ ಬಂತು. ನೋಡಿ, ಟೂಲ್ಮಿನ್ ಪುಸ್ತಕ ಬಂದದ್ದೂ ಅದೇ ವರ್ಷ. ಇಂಗ್ಲಿಷಿಗೆ ಹೋದದ್ದು 1969ರಲ್ಲಿ. ಅದರ ಮುಖ್ಯ ಮಾತು: ವಾದ ಯಾವಾಗಲೂ ಯಾರಿಗೋ ಹೇಳುವಂಥದ್ದು. ಕೇಳುವವರು ಈಗಾಗಲೇ ಏನನ್ನು ಒಪ್ಪಿದ್ದಾರೋ ಅಲ್ಲಿಂದಲೇ ಹೊರಡಬೇಕು. ಮಠದಲ್ಲಿ ಕೂತವರಿಗೆ ಹೇಳುವ ಮಾತು, ಎಪಿಎಂಸಿಯಲ್ಲಿ ನಿಂತವರಿಗೆ ಹೇಳುವ ಮಾತು ಒಂದೇ ಜಾಗದಿಂದ ಹೊರಡುವುದಿಲ್ಲ.

ಹೆಸರು ಬಿಡುವುದರ ನೋವು ನನಗೆ ಗೊತ್ತು. ಎಷ್ಟೋ ವರ್ಷದ ಹಿಂದೆ ನಾವು ಮೂವರು ಸೇರಿ ತರ್ಕಶಾಸ್ತ್ರದ ಒಂದು ಕೈಪಿಡಿ ಮಾಡಿದೆವು. ಉದಾಹರಣೆಗಳೆಲ್ಲ ನಾನು ಕೂಡಿಸಿದ್ದು. ಎರಡು ಬೇಸಿಗೆ ರಜೆ ಅದಕ್ಕೇ ಹೋಗಿತ್ತು. ಅಚ್ಚಾಗಿ ಬಂದಾಗ ಮುಖಪುಟದ ಮೇಲೆ ಎರಡೇ ಹೆಸರು. ನನ್ನದು ಒಳಪುಟದಲ್ಲಿ "ಸಹಕಾರ" ಎಂಬ ಸಾಲಿನಲ್ಲಿತ್ತು. ಆ ನೋವು ಇನ್ನೂ ಇದೆ. ಆದರೂ ಲೂಸಿಯ ವಿಷಯದಲ್ಲಿ ನಾನೇ ಹಾಗೆ ಮಾಡಿದೆ. ಉದಾಹರಣೆ ಕೂಡಿಸುವುದನ್ನು ಜನ ಕೈಕೆಲಸ ಅಂದುಕೊಳ್ಳುತ್ತಾರೆ. ಆದರೆ ಈ ಕ್ಷೇತ್ರದಲ್ಲಿ ಉದಾಹರಣೆಯೇ ಸಂಶೋಧನೆ. ಆಮೇಲೆ ಲೂಸಿ ಒಬ್ಬರೇ ಮಾತಿನಲ್ಲಿ ನಗು ಹೇಗೆ ಹುಟ್ಟುತ್ತದೆ ಎಂಬುದರ ಮೇಲೆ ಪುಸ್ತಕ ಬರೆದರು, 1974ರಲ್ಲಿ. ಮೊದಲ ಪತ್ರದ ತಂಗಿ ಇದನ್ನು ಓದುತ್ತಿದ್ದರೆ, ಪ್ರಬಂಧದಲ್ಲಿ ಇಬ್ಬರ ಹೆಸರೂ ಬರಲಿ.

*

ಪ್ರಶ್ನೆ: ಟಿವಿ ಚರ್ಚೆ ನೋಡಿ ತಲೆ ಕೆಡುತ್ತದೆ. ಬರೀ ವಿತಂಡವಾದ! ನಮ್ಮ ಹಿರಿಯರು ಇದಕ್ಕೇನಾದರೂ ಹೇಳಿದ್ದಾರೆಯೇ?
– ಕಿರಾಣಿ ವ್ಯಾಪಾರಿ, ದುರ್ಗದ ಬೈಲ್, ಹುಬ್ಬಳ್ಳಿ

ಉತ್ತರ: ಹೇಳಿದ್ದಾರೆ ರೀ, ಬಹಳ ಚಂದ ಹೇಳಿದ್ದಾರೆ. ನಮ್ಮ ಹಳೆಯ ತರ್ಕಗ್ರಂಥ ನ್ಯಾಯಸೂತ್ರದಲ್ಲಿ ಮಾತಿನ ಮೂರು ಬಗೆ ಇವೆ. ಇಬ್ಬರೂ ನಿಜ ಏನು ಅಂತ ತಿಳಿಯಲು ಕೂತರೆ ಅದು ವಾದ. ಗೆಲ್ಲಲೇಬೇಕು ಅಂತ ಕೂತರೆ ಜಲ್ಪ. ತನ್ನದು ಅಂತ ಒಂದು ಮಾತೂ ಮುಂದಿಡದೆ ಎದುರಿನವರದನ್ನು ಕೆಡವುತ್ತ ಹೋದರೆ ವಿತಂಡ. ನಾವು ಈಗ ಮೊಂಡುವಾದಕ್ಕೆಲ್ಲ ವಿತಂಡ ಅನ್ನುತ್ತೇವೆ. ಟಿವಿಯಲ್ಲಿ ಕೂತವರಿಗೆ ತಮ್ಮ ಪಕ್ಷ ಅಂತ ಒಂದು ಇದ್ದೇ ಇರುತ್ತದೆ. ಹೀಗಾಗಿ ಅದು ಹೆಚ್ಚಾಗಿ ಜಲ್ಪ.

ಮಾತು ತಿರುಚುವುದಕ್ಕೆ ಅಲ್ಲಿ ಛಲ ಎಂದು ಹೆಸರು. ಅದರ ಹಳೆಯ ಉದಾಹರಣೆ ನಮ್ಮ ಕಡೆಯವರಿಗೆ ಬೇಗ ಹತ್ತುತ್ತದೆ. ಒಬ್ಬ, "ಇವನದು ನವ ಕಂಬಳಿ" ಅನ್ನುತ್ತಾನೆ, ಹೊಸದು ಅಂತ. ಇನ್ನೊಬ್ಬ, "ಎಲ್ಲಿ ಒಂಬತ್ತು? ಒಂದೇ ಇದೆಯಲ್ಲ!" ಅನ್ನುತ್ತಾನೆ. ರಾತ್ರಿ ಒಂಬತ್ತರ ಚರ್ಚೆಯಲ್ಲಿ ಈ ಕಂಬಳಿ ದಿನಾ ಕಾಣುತ್ತದೆ.

ಆದರೆ ಸೂತ್ರಕಾರರು ಜಲ್ಪ, ವಿತಂಡಗಳನ್ನು ಪೂರ್ತಿ ಬೇಡ ಅನ್ನಲಿಲ್ಲ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿ ಹಾಕಿದ ಹಾಗೆ, ನಿಜವನ್ನು ಕಾಯಲು ಇವು ಅಂದರು. ಬೇಲಿ ಮಾತ್ರ ಇದ್ದು ಒಳಗೆ ಮೊಳಕೆಯೇ ಇಲ್ಲದಿದ್ದರೆ ಏನು ಮಾಡೋಣ? ನಮ್ಮ ಈ ಸಂಪತ್ತನ್ನು ಇಂದಿನ ತತ್ವಶಾಸ್ತ್ರದ ಮುಂದೆ ಸರಿಸಮ ಇಟ್ಟವರು ಬಿಮಲ್ ಕೃಷ್ಣ ಮತಿಲಾಲ್. 1977ರಿಂದ 1991ರಲ್ಲಿ ತೀರಿಕೊಳ್ಳುವವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದರು. 1970ರ ಸುಮಾರಿಗೆ ಭಾರತೀಯ ತತ್ವಶಾಸ್ತ್ರಕ್ಕೆಂದೇ ಒಂದು ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು, ಅದು ಈಗಲೂ ನಡೆಯುತ್ತಿದೆ. ಅವರ ಪ್ರಭಾವವನ್ನೂ ಯಾರಾದರೂ ಕನ್ನಡದಲ್ಲಿ ಬರೆಯಬೇಕು ಎಂಬುದು ನನ್ನ ಬಹುದಿನದ ಆಸೆ.

*

ಪ್ರಶ್ನೆ: ರೆಟರಿಕ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಅಲಂಕಾರಶಾಸ್ತ್ರ ಸರಿಯೇ?
– ಶಿಕ್ಷಕಿ, ಹಾವೇರಿ

ಉತ್ತರ: ನನಗೆ ಸರಿ ಅನ್ನಿಸುವುದಿಲ್ಲ. ಅಲಂಕಾರ ಅಂದ ಕೂಡಲೇ ಮಕ್ಕಳಿಗೆ ಉಪಮೆ, ರೂಪಕ ನೆನಪಾಗುತ್ತವೆ. ವಾಗ್ಮಿತೆ ಅಂದರೆ ಚೆನ್ನಾಗಿ ಮಾತಾಡುವುದು ಅಷ್ಟೇ. ರೆಟರಿಕ್ ಬಗ್ಗೆ ಅರಿಸ್ಟಾಟಲ್ ಹೇಳಿದ್ದು, ಎದುರಿಗಿರುವ ವಿಷಯದಲ್ಲಿ ಮನವೊಲಿಸಲು ಏನೇನು ದಾರಿ ಇದೆ ಅಂತ ಕಾಣುವ ಶಕ್ತಿ ಅಂತ. ನಾನು "ಮನವೊಲಿಕೆಯ ಶಾಸ್ತ್ರ" ಅನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಶಬ್ದ ನಿಮ್ಮ ಮಕ್ಕಳು ಹೇಳಿದರೆ ಬರೆದು ಕಳಿಸಿ.

*

ಪ್ರಶ್ನೆ: ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ರಾಜಕೀಯ ವಾದಗಳನ್ನು ಓದಿ ಬಿಡಿಸುವುದು ಕಲಿಯಬೇಕು. ಯಾವ ಪುಸ್ತಕದಿಂದ ಶುರು ಮಾಡಲಿ?
– ವಿದ್ಯಾರ್ಥಿ, ರಾಣೇಬೆನ್ನೂರು

ಉತ್ತರ: ಪಂಡಿತರ ಪುಸ್ತಕ ಆಮೇಲೆ. ಮೊದಲು ಒಂದು ಭಾಷಣ ತಗೊಳ್ಳಿ. ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾಡಿದ್ದು. ಅವರ ಬರಹ, ಭಾಷಣಗಳ ಕನ್ನಡ ಸಂಪುಟಗಳಿವೆ. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ.

ಅದರಲ್ಲಿ ಒಂದು ಕಡೆ ಅವರು, ಇನ್ನು ಮೇಲೆ ಸತ್ಯಾಗ್ರಹ, ಅಸಹಕಾರ, ಕಾನೂನು ಭಂಗ ಇವನ್ನೆಲ್ಲ ಬಿಡಬೇಕು ಅನ್ನುತ್ತಾರೆ. ಸ್ವಾತಂತ್ರ್ಯ ಬಂದು ಎರಡೇ ವರ್ಷ ಆಗಿತ್ತು, ಅದೂ ಆ ಸಭೆಯಲ್ಲಿ! ಎಷ್ಟು ಧೈರ್ಯದ ಮಾತು ನೋಡಿ. ಬಹಳ ಜನ ಇಷ್ಟನ್ನೇ ಎತ್ತಿ ಹೇಳುತ್ತಾರೆ. ನೀವು ಹಿಂದೆ ಮುಂದೆ ಓದಿ. ಸಂವಿಧಾನದ ದಾರಿ ಯಾವುದೂ ಇಲ್ಲದಿದ್ದಾಗ ಆ ಮಾರ್ಗಗಳಿಗೆ ಸಮರ್ಥನೆ ಇತ್ತು ಅಂತಲೂ ಅವರು ಹೇಳುತ್ತಾರೆ. ಸಂವಿಧಾನದ ದಾರಿ ತೆರೆದಿರುವಾಗ ಸಮರ್ಥನೆ ಇಲ್ಲ ಅನ್ನುತ್ತಾರೆ. ಆ "ತೆರೆದಿರುವಾಗ" ಎಂಬುದರ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಅವರ ವಾದ ಪೂರ್ತಿ ನಿಂತಿರುವುದು ಅದರ ಮೇಲೆ.

ಆಮೇಲೆ ಮೇಲಿನ ನರಗುಂದದ ಪತ್ರ ಇನ್ನೊಮ್ಮೆ ಓದಿ. 1980ರಲ್ಲಿ ಆ ರೈತರಿಗೆ ದಾರಿ ತೆರೆದಿತ್ತೇ? ಹೌದು ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ. ಎರಡೂ ಕಡೆಯ ವಾದವನ್ನು ಒಂದೊಂದು ಪುಟ ಬರೆದು ಕಳಿಸಿ. ನಾನು ಓದಿ, ತಿದ್ದಿ ವಾಪಸ್ ಕಳಿಸುತ್ತೇನೆ.